ಬ್ಯುರೆಟ್ಟಿನಿಂದ ಎಂಜಿನ್‌ವರೆಗೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗಿಂತ ಮೊದಲು ಮಾತಾಡಿದವರಲ್ಲಿ ವೈದ್ಯರಿದ್ದರು, ಸೇನೆಯಲ್ಲಿ ದುಡಿದವರಿದ್ದರು. ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಸಮಿತಿಯವರು ಮನೆಗೆ ಬಂದು, "ನೀವು ಸಂಘದ ವಿಷಯ ಮಾತಾಡಬೇಡಿ, ಭಾನುವಾರ ಕೊಟ್ಟಿಗೆಯಲ್ಲಿ ಅದೇನೋ ಸದ್ದು ಮಾಡ್ತೀರಲ್ಲ, ಅದರ ವಿಷಯ ಮಾತಾಡಿ" ಎಂದರು. ಆ ಸದ್ದಿನಿಂದ ನಿದ್ದೆ ಕೆಟ್ಟ ಅಕ್ಕಪಕ್ಕದ ಮನೆಯವರೂ ಇಲ್ಲಿ ಕೂತಿದ್ದಾರೆ. ಮೊದಲು ಅವರಲ್ಲಿ ಕ್ಷಮೆ ಕೇಳುತ್ತೇನೆ.

ನಮ್ಮ ಕೊಟ್ಟಿಗೆಯಲ್ಲಿ ದನ ಹೋದ ಮೇಲೆ ಎಂಜಿನ್ ಬಂತು. ಕಾಫಿ ಸೀಮೆಯವರಿಗೆ ಮಾರುತಿ ಜಿಪ್ಸಿ ಹೊಸದಲ್ಲ. 1985ರಲ್ಲಿ ಬಂದ ಆ ಗಾಡಿ ನಮ್ಮ ತೋಟದ ಏರು ದಾರಿಗಳಲ್ಲಿ ಗೊಬ್ಬರ ಹೊತ್ತಿದೆ, ಆಳುಗಳನ್ನು ಹೊತ್ತಿದೆ, ದಿಬ್ಬಣವನ್ನೂ ಹೊತ್ತಿದೆ. ಅದೇ ಗಾಡಿ ಚಿಕ್ಕಮಗಳೂರು ಸುತ್ತಿನ ರ‍್ಯಾಲಿಗಳಲ್ಲಿ ಧೂಳೆಬ್ಬಿಸಿ ಓಡುವುದನ್ನು ನಾವು ಬೇಲಿ ಪಕ್ಕ ನಿಂತು ನೋಡಿದ್ದೇವೆ. ನಾನು ಮತ್ತು ನನ್ನ ಇಬ್ಬರು ಗೆಳೆಯರು ಹಣ ಕೂಡಿಸಿ ಒಂದು ಹಳೆಯ ಜಿಪ್ಸಿ ಕೊಂಡೆವು. 1298 ಸಿಸಿ ಎಂಜಿನ್. ಅದನ್ನು ಪೂರ್ತಿ ಬಿಚ್ಚಿ, ಮಣ್ಣಿನ ಟ್ರ್ಯಾಕಿನ ಸ್ಪರ್ಧೆಗೆ ತಕ್ಕಂತೆ ನಾವೇ ಕಟ್ಟಬೇಕು ಎಂಬುದು ಆಸೆ.

ಮಕ್ಕಳೇ, ನಿಮಗೆ ಒಂದು ಲೆಕ್ಕ ಹೇಳುತ್ತೇನೆ. ಈ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಿಂದ ಕೆಳಕ್ಕೆ ಹೋಗುವ ದೂರ 75.5 ಮಿಲಿಮೀಟರ್. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸುತ್ತು. ಒಂದು ಸುತ್ತಿಗೆ ಪಿಸ್ಟನ್ ಒಮ್ಮೆ ಇಳಿದು ಒಮ್ಮೆ ಏರುತ್ತದೆ. ಹಾಗಾದರೆ ಅದು ಸೆಕೆಂಡಿಗೆ 15 ಮೀಟರಿಗೂ ಹೆಚ್ಚು ಓಡುತ್ತದೆ. ಗಂಟೆಗೆ ಸುಮಾರು 54 ಕಿಲೋಮೀಟರ್. ಬಸ್ಸಿನ ವೇಗ ಅಷ್ಟೇ ಅಲ್ಲವೇ ಅನ್ನಬಹುದು. ಆದರೆ ಆ ಬಸ್ಸು ಸೆಕೆಂಡಿಗೆ 200 ಸಲ ಪೂರ್ತಿ ನಿಂತು, ದಿಕ್ಕು ಬದಲಿಸಿ, ಮತ್ತೆ ಹೊರಡಬೇಕು! ಪಿಸ್ಟನ್ನನ್ನು ಹಾಗೆ ಎಳೆದು ತಳ್ಳುವುದು ಒಂದು ಕನೆಕ್ಟಿಂಗ್ ರಾಡು. ಆ ರಾಡಿಗೂ ಕ್ರ್ಯಾಂಕಿಗೂ ನಡುವೆ ಇರುವುದು ತೆಳ್ಳನೆಯ ಬೇರಿಂಗು. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಬಿಡುವ ಸಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಅದರಲ್ಲಿ ಮೂರು ನಾಲ್ಕು ಭಾಗ. ತಲೆಗೂದಲಿಗಿಂತ ತೆಳು. ಆ ಸಂದಿನಲ್ಲಿ ಎಣ್ಣೆ ಒತ್ತಡದಿಂದ ಹರಿಯುತ್ತಿರಬೇಕು. ಕಬ್ಬಿಣ ತೇಲುವುದು ಆ ಎಣ್ಣೆಯ ಪೊರೆಯ ಮೇಲೆ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಕಥೆಯ ಕೊನೆಗೆ ಬೇಕಾಗುತ್ತದೆ.

ಎಂಜಿನ್ನಿನ ಶಕ್ತಿ ಹೆಚ್ಚಿಸುವುದರಲ್ಲಿ ಮಾಯ ಮಂತ್ರ ಏನಿಲ್ಲ. ಹೆಚ್ಚು ಗಾಳಿ ಒಳಗೆ ಹೋಗಬೇಕು, ಅದು ಚೆನ್ನಾಗಿ ಒತ್ತಿಸಿಕೊಳ್ಳಬೇಕು, ಸರಿಯಾದ ಹೊತ್ತಿಗೆ ಕಿಡಿ ಹೊತ್ತಬೇಕು, ಹೊಗೆ ಸಲೀಸಾಗಿ ಹೊರಗೆ ಹೋಗಬೇಕು. ನಾಲ್ಕೇ ಕೆಲಸ. ಅವುಗಳಲ್ಲಿ ಒತ್ತುವ ಕೆಲಸಕ್ಕೆ ನಾನು ಈ ಶಾಲೆಗೆ ಸಾಲಗಾರ.

ನಾವು ಹತ್ತನೆಯ ತರಗತಿಯಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಬ್ಯುರೆಟ್ ಓದುವುದನ್ನು ಕಲಿಸಿದ್ದರು. ಶಾಲೆಗೆ ಇದ್ದದ್ದು ಎರಡೇ ಬ್ಯುರೆಟ್ಟು. ಕಣ್ಣು ದ್ರವದ ಮಟ್ಟಕ್ಕೆ ಸಮನಾಗಿರಬೇಕು, ಬಾಗಿದ ಅಂಚಿನ ತಳ ನೋಡಬೇಕು. ನಿಂತಲ್ಲಿಂದಲೇ ಬಗ್ಗದೆ ಓದಿದವರಿಗೆ ಉತ್ತರ ಸರಿ ಬಂದರೂ ಸೊನ್ನೆ. ನಾನು ಎತ್ತರದ ಹುಡುಗ, ಬಗ್ಗಲು ಸೋಮಾರಿತನ. ಎರಡು ಸಲ ಸೊನ್ನೆ ತೆಗೆದುಕೊಂಡಿದ್ದೇನೆ.

ಮೂವತ್ತು ವರ್ಷದ ಮೇಲೆ ಕೊಟ್ಟಿಗೆಯಲ್ಲಿ ಮಂಡಿಯೂರಿ ಕೂತು ಬ್ಯುರೆಟ್ ಓದಿದೆ. ಯಾಕೆ ಅಂದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಸಣ್ಣ ಜಾಗದ ಗಾತ್ರ ತಿಳಿಯದೆ ಒತ್ತಡದ ಲೆಕ್ಕ ಹಾಕಲು ಬರುವುದಿಲ್ಲ. ಒಂದು ಸಿಲಿಂಡರಿಗೆ ಸುಮಾರು 325 ಸಿಸಿ. ಒತ್ತಡದ ಅನುಪಾತ 9 ಇದ್ದರೆ ಮೇಲೆ ಉಳಿಯುವ ಜಾಗ, ಗ್ಯಾಸ್ಕೆಟ್ಟಿನದ್ದೂ ಸೇರಿ, 40.6 ಸಿಸಿ. ಅನುಪಾತ 10 ಬೇಕಾದರೆ ಅದು 36.1ಕ್ಕೆ ಇಳಿಯಬೇಕು. ನಾಲ್ಕೂವರೆ ಸಿಸಿ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಅಷ್ಟರಲ್ಲಿ ಎಂಜಿನ್ನಿನ ಸ್ವಭಾವವೇ ಬದಲಾಗುತ್ತದೆ. ಅತಿಯಾದರೆ ಪೆಟ್ರೋಲು ತಾನಾಗಿ ಹೊತ್ತಿಕೊಂಡು ಡಬ್ಬದಲ್ಲಿ ಕಲ್ಲು ಕುಲುಕಿದಂತೆ ಬಡಿಯುತ್ತದೆ, ಪಿಸ್ಟನ್ ಒಡೆಯುತ್ತದೆ.

ಹೆಡ್ಡನ್ನು ಮಗುಚಿ ಇಟ್ಟು, ವಾಲ್ವು ಮತ್ತು ಪ್ಲಗ್ಗು ಹಾಕಿ, ಬಾಯಿಗೆ ಗ್ರೀಸು ಹಚ್ಚಿ ಮೇಲೊಂದು ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಲಗೆ ಕೂರಿಸಿದೆವು. ಹಲಗೆಯಲ್ಲಿ ಒಂದು ಸಣ್ಣ ತೂತು. ಬ್ಯುರೆಟ್ಟಿನಿಂದ ಸೀಮೆಎಣ್ಣೆ ಬಿಟ್ಟು, ಗಾಳಿಯ ಗುಳ್ಳೆ ಪೂರ್ತಿ ಹೋದಾಗ ಎಷ್ಟು ಇಳಿಯಿತು ಎಂದು ಓದಿದೆವು. ನಾಲ್ಕು ಕೋಣೆಗಳಲ್ಲಿ ಒಂದು ಉಳಿದವುಗಳಿಗಿಂತ ಒಂದು ಸಿಸಿಗೂ ಹೆಚ್ಚು ದೊಡ್ಡದಿತ್ತು. ಕಣ್ಣಿಗೆ ನಾಲ್ಕೂ ಒಂದೇ! ಉಳಿದ ಮೂರನ್ನು ಚೂರು ಚೂರೇ ಉಜ್ಜಿ ಸಮ ಮಾಡಲು ಮೂರು ಭಾನುವಾರ ಹಿಡಿಯಿತು. ಆಮೇಲೆ ಹೆಡ್ಡಿನ ಮೈ ತೆಗೆಸಿದೆವು. ವಾಲ್ವು ಪಿಸ್ಟನ್ನಿಗೆ ತಾಗೀತೇ ಎಂದು ನೋಡಲು ಮಕ್ಕಳು ಗೊಂಬೆ ಮಾಡುವ ಬಣ್ಣದ ಕ್ಲೇಯನ್ನು ಪಿಸ್ಟನ್ ಮೇಲೆ ಅಂಟಿಸಿ, ಕೈಯಿಂದ ತಿರುಗಿಸಿ, ಹೆಡ್ಡು ಬಿಚ್ಚಿ, ಒತ್ತಿಹೋದ ಕ್ಲೇಯ ದಪ್ಪ ಅಳೆದೆವು. ಕ್ಲೇ ಕೊಟ್ಟದ್ದು ನನ್ನ ಮಗಳು. ವಾಪಸ್ ಕೊಟ್ಟಾಗ ಅದು ಕಪ್ಪಾಗಿತ್ತು.

ಇಷ್ಟೆಲ್ಲ ಅಳೆದವನು ತಪ್ಪು ಮಾಡಿದ್ದು ಎಲ್ಲಿ ಗೊತ್ತೇ? ಅಳತೆಯೇ ಬೇಡ ಅನ್ನಿಸಿದ ಜಾಗದಲ್ಲಿ.

ಕ್ರ್ಯಾಂಕು ಸವೆದಿತ್ತು. ಪಟ್ಟಣದ ಒಂದು ಗ್ರೈಂಡಿಂಗ್ ಅಂಗಡಿಯಲ್ಲಿ ಕಾಲು ಮಿಲಿಮೀಟರ್ ತೆಗೆಸಿ ಹೊಸ ಬೇರಿಂಗು ಹಾಕಿದೆವು. ಅಲ್ಲಿನ ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ಎಂಜಿನ್ ಕಟ್ಟಿ ಮುಗಿಸುವ ರಾತ್ರಿ ಕೆಳಗಿನ ಆಯಿಲ್ ಚೇಂಬರ್ ಕೂರಿಸುವಾಗ ಸೋರಬಾರದೆಂದು ಸಿಲಿಕಾನ್ ಅಂಟನ್ನು ಧಾರಾಳವಾಗಿ ಬಳಿದೆ. ಹೊರಗೆ ಉಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿದೆ. ಹೊರಗೆ ಉಕ್ಕಿದಷ್ಟೇ ಒಳಗೂ ಉಕ್ಕಿರುತ್ತದೆ ಎಂಬುದು ಹೊಳೆಯಲಿಲ್ಲ.

ಎಂಜಿನ್ ಸೊಗಸಾಗಿ ಓಡಿತು. ಮೊದಲ ಸ್ಪರ್ಧೆಯ ಅಭ್ಯಾಸದ ದಿನ ಗಾಡಿ ಓಡಿಸುತ್ತಿದ್ದ ಗೆಳೆಯ ನಿಲ್ಲಿಸಿ ಕೇಳಿದ: "ತಿರುವಿನಲ್ಲಿ ಆಯಿಲ್ಲಿನ ಕೆಂಪು ದೀಪ ಮಿಣುಕ್ತಾ ಇದೆ ಮಾರಾಯ, ನೋಡ್ತೀಯಾ?" ನಾನು ನೋಡಲಿಲ್ಲ. "ಹಳೇ ಸ್ವಿಚ್ಚು, ಅದರದ್ದೇ ತೊಂದರೆ. ನೀನು ಹೊಡಿ" ಅಂದೆ. ಒತ್ತಡ ಅಳೆಯುವ ಮೀಟರು ನನ್ನ ಪೆಟ್ಟಿಗೆಯಲ್ಲೇ ಇತ್ತು. ಸ್ವಿಚ್ಚು ಬಿಚ್ಚಿ ಅದನ್ನು ಹಾಕಲು ಹತ್ತು ನಿಮಿಷ ಸಾಕು.

ಮುಂದಿನ ಸುತ್ತಿನಲ್ಲಿ ಟಕ್ ಟಕ್ ಎಂಬ ಸದ್ದು, ಆಮೇಲೆ ಒಂದು ದೊಡ್ಡ ಸದ್ದು. ಎಂಜಿನ್ ಹಿಡಿದು ನಿಂತಿತು. ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡಡ್ಡ ಜಾರಿ ಟಯರಿನ ರಾಶಿಗೆ ಹೊಡೆಯಿತು. ಗೆಳೆಯ ಬೆಲ್ಟು ಹಾಕಿದ್ದ, ಹೆಲ್ಮೆಟ್ ಹಾಕಿದ್ದ, ಎದ್ದು ಬಂದ. ಟಯರಿನ ರಾಶಿ ಇದ್ದದ್ದಕ್ಕೆ ಸರಿಹೋಯಿತು. ಅದೇ ಜಾಗದಲ್ಲಿ ಮರ ಇದ್ದಿದ್ದರೆ ಇವತ್ತು ನಾನು ಇಲ್ಲಿ ನಿಂತು ಈ ಕಥೆ ಹೇಳುವ ಧೈರ್ಯ ಮಾಡುತ್ತಿರಲಿಲ್ಲ.

ಬಿಚ್ಚಿದಾಗ ಮೂರನೆಯ ರಾಡಿನ ಬೇರಿಂಗು ಕರಗಿ ಕ್ರ್ಯಾಂಕಿಗೆ ಅಂಟಿತ್ತು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಗ್ರೈಂಡಿಂಗ್ ಸರಿಯಿಲ್ಲ. ಮುದುಕನ ಕಣ್ಣು ಹೋಗಿದೆ" ಅಂದೆ. ನಮ್ಮ ಬಳಗದಲ್ಲಿ ಐದಾರು ಜನರಿಗೆ ಫೋನ್ ಮಾಡಿ ಹೇಳಿದೆ. ಆಮೇಲೆ ಕ್ರ್ಯಾಂಕನ್ನು ಹೆಗಲ ಮೇಲೆ ಹೊತ್ತು ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಕೂಗಾಡಿದೆ.

ಮೇಸ್ತ್ರಿ ಎದುರು ಮಾತಾಡಲಿಲ್ಲ. ಮೈಕ್ರೋಮೀಟರ್ ತಂದು ಸುಟ್ಟದ್ದನ್ನು ಬಿಟ್ಟು ಉಳಿದ ಮೂರು ಜಾಗ ಅಳೆದು ನನಗೂ ತೋರಿಸಿದರು. ಮೂರೂ ಸರಿಯಾಗಿದ್ದವು. ಆ ಮೂರರ ಬೇರಿಂಗುಗಳ ಮೇಲೆ ಬೆರಳಾಡಿಸಿ ಕೇಳಿದರು.

"ಸರ್, ಇವೂ ಒಣಗಿವೆ. ಎಣ್ಣೆ ಬಂದಿಲ್ಲ. ಸ್ಟ್ರೈನರ್ ಬಿಚ್ಚಿ ನೋಡಿದ್ರಾ?"

ನೋಡಿರಲಿಲ್ಲ. ಚೇಂಬರನ್ನು ಬಿಚ್ಚಿದವನೇ ಮೂಲೆಗೆ ಎಸೆದಿದ್ದೆ. ಮನೆಗೆ ಬಂದು, ಪಂಪು ಎಣ್ಣೆ ಹೀರುವ ಕೊಳವೆಯ ಬಾಯಿಗಿದ್ದ ಜಾಲರಿ ನೋಡಿದೆ. ಎರೆಹುಳದಂಥ ಸಿಲಿಕಾನ್ ತುಂಡುಗಳು ಅರ್ಧಕ್ಕಿಂತ ಹೆಚ್ಚು ಜಾಲರಿಯನ್ನು ಮುಚ್ಚಿದ್ದವು. ನಾನೇ ಬಳಿದ ಅಂಟು. ಕೆಂಪು ದೀಪ ನಿಜವನ್ನೇ ಹೇಳುತ್ತಿತ್ತು. ಮೇಸ್ತ್ರಿಯ ಕಣ್ಣೂ ಚೆನ್ನಾಗಿಯೇ ಇತ್ತು.

ಅಷ್ಟು ಹೊತ್ತಿಗೆ ನನ್ನ ಮಾತು ನಂಬಿ ಇಬ್ಬರು ತಮ್ಮ ಕೆಲಸವನ್ನು ಬೇರೆ ಅಂಗಡಿಗೆ ಕೊಟ್ಟಾಗಿತ್ತು. ನಾನು ಫೋನ್ ಮಾಡಿದ್ದ ಪ್ರತಿಯೊಬ್ಬರ ಮನೆಗೂ ಹೋಗಿ, ತಪ್ಪು ನನ್ನದು ಎಂದು ಹೇಳಿದೆ. ಫೋನಿನಲ್ಲೇ ಮುಗಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಒಬ್ಬರು ವಾಪಸ್ ಬಂದರು, ಇನ್ನೊಬ್ಬರು ಬರಲೇ ಇಲ್ಲ. ಮೇಸ್ತ್ರಿಯ ಮುಂದೆ ನಿಂತು ಜಾಲರಿ ತೋರಿಸಿದಾಗ ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಅಂಟು ಕಡಿಮೆ ಹಚ್ಚಿ ಸರ್" ಎಂದರು. ಅಷ್ಟೇ. ಎರಡನೆಯ ಸಲದ ಗ್ರೈಂಡಿಂಗಿಗೆ ಪೂರ್ತಿ ಹಣ ತೆಗೆದುಕೊಂಡರು. ಅದು ನ್ಯಾಯವೇ ಆಗಿತ್ತು.

ಅಂದಿನಿಂದ ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಾಲು ಬರೆದಿದ್ದೇನೆ. ಒಂದು: ಬಿಚ್ಚುವ ಮೊದಲು ಅಳೆ. ಎರಡು: ಕೊನೆಯಲ್ಲಿ ಕೈ ಹಾಕಿದ್ದು ಎಲ್ಲಿ, ಅಲ್ಲಿ ಮೊದಲು ನೋಡು. ಮೂರು: ಒಂದು ಸಲಕ್ಕೆ ಒಂದನ್ನೇ ಬದಲಿಸು. ಪ್ಲಗ್ಗು, ಕಾರ್ಬುರೇಟರು, ಟೈಮಿಂಗು ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾದರೂ ರೋಗ ಯಾವುದಿತ್ತು ಎಂದು ತಿಳಿಯುವುದಿಲ್ಲ, ಮತ್ತೆ ಬಂದಾಗ ಮತ್ತೆ ಕತ್ತಲೆ.

ಅಳೆಯಲು ದೊಡ್ಡ ಯಂತ್ರ ಬೇಡ. ಎಂಜಿನ್ನಿನ ದಮ್ಮು ಕಡಿಮೆಯಾಗಿದೆಯೇ? ಪ್ಲಗ್ಗು ಬಿಚ್ಚಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಕ್ಷೇಮ, ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಬಿಳಿಚಿದ್ದರೆ ಪೆಟ್ರೋಲು ಕಡಿಮೆ, ಎಣ್ಣೆಯ ಒದ್ದೆಯಿದ್ದರೆ ರಿಂಗಿನ ಅಥವಾ ವಾಲ್ವಿನ ಕಡೆಯಿಂದ ಆಯಿಲ್ ಬರುತ್ತಿದೆ. ಇನ್ನೂ ಅನುಮಾನವೇ? ಪಿಸ್ಟನ್ನನ್ನು ಒತ್ತುವ ಸರದಿಯಲ್ಲಿ ಪೂರ್ತಿ ಮೇಲೆ ತಂದು, ಕ್ರ್ಯಾಂಕು ತಿರುಗದಂತೆ ಭದ್ರ ಮಾಡಿ, ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿಸಿ ಕಿವಿಗೊಡಿ. ನಾವು ಪಂಕ್ಚರ್ ಅಂಗಡಿಯ ಕಂಪ್ರೆಸರನ್ನೇ ತರುತ್ತೇವೆ. ಕಾರ್ಬುರೇಟರಿನಲ್ಲಿ ಸುಂಯ್ ಎಂದರೆ ಒಳಗೆಳೆಯುವ ವಾಲ್ವು, ಸೈಲೆನ್ಸರಿನಲ್ಲಿ ಎಂದರೆ ಹೊಗೆಯ ವಾಲ್ವು, ಎಣ್ಣೆ ಹಾಕುವ ಬಾಯಲ್ಲಿ ಎಂದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ಟು. ಒಂದು ನಟ್ಟು ಸಡಿಲಿಸುವ ಮೊದಲೇ ಎಂಜಿನ್ ತನ್ನ ನೋವು ಎಲ್ಲಿ ಎಂದು ಹೇಳಿಬಿಡುತ್ತದೆ. ಕೇಳುವ ತಾಳ್ಮೆ ನಮ್ಮದು.

ಹುಡುಗರೇ, ಒಂದು ಎಚ್ಚರಿಕೆಯ ಮಾತು. ನಿಮ್ಮಲ್ಲಿ ಕೆಲವರ ಕಣ್ಣು ಹೊಳೆಯುತ್ತಿರುವುದು ಕಾಣುತ್ತಿದೆ. ಅಣ್ಣನ ಬೈಕಿನ ಸೈಲೆನ್ಸರ್ ಬಿಚ್ಚುವುದು ಎಂಜಿನ್ ಕಟ್ಟುವುದಲ್ಲ. ರಸ್ತೆಯ ಗಾಡಿಯನ್ನು ಮನಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಬಿಡುವುದಿಲ್ಲ. ನಮ್ಮ ಗಾಡಿ ಟ್ರ್ಯಾಕಿಗೆ ಇನ್ನೊಂದು ಗಾಡಿಯ ಮೇಲೆ ಕೂತು ಹೋಗುತ್ತದೆ. ಸ್ಪರ್ಧಿಸಲು ಲೈಸೆನ್ಸ್ ಬೇಕು, ಹೆಲ್ಮೆಟ್ ಬೇಕು, ಪಕ್ಕದಲ್ಲಿ ಆಂಬುಲೆನ್ಸ್ ಬೇಕು. ಅವೆಲ್ಲ ಇದ್ದ ದಿನವೇ ನನ್ನ ಗೆಳೆಯನಿಗೆ ಹಾಗಾಯಿತು. ನಮ್ಮೂರ ಸೇತುವೆಯ ತಿರುವಿನಲ್ಲಿ ಅವು ಯಾವುವೂ ಇಲ್ಲ.

ಇದು ದುಬಾರಿ ಹವ್ಯಾಸ ಎಂಬುದೂ ನಿಜ. ಮನೆಯಲ್ಲಿ ನನ್ನ ಹೆಂಡತಿ ಇದಕ್ಕೊಂದು ಬೇರೆ ಲೆಕ್ಕದ ಪುಸ್ತಕ ಇಟ್ಟಿದ್ದಾಳೆ. ಸಂಘದ ಲೆಕ್ಕಕ್ಕಿಂತ ಅದಕ್ಕೇ ನಾನು ಹೆಚ್ಚು ಹೆದರಿದ್ದೇನೆ. ಗೆದ್ದ ಕಪ್ಪುಗಳು ಎರಡು, ಎರಡೂ ಸಣ್ಣವು. ಆದರೆ ಕೆಟ್ಟದ್ದನ್ನು ಕಂಡಾಗ ಯಾರನ್ನಾದರೂ ಬೈಯುವ ಮೊದಲು ಜಾಲರಿ ಬಿಚ್ಚಿ ನೋಡುವ ಅಭ್ಯಾಸ ಬಂತು. ಸಂಘದಲ್ಲಿ ಲೆಕ್ಕ ತಾಳೆಯಾಗದ ದಿನಗಳಲ್ಲಿ ಅದು ನನ್ನನ್ನೂ, ನನ್ನ ಕೈಕೆಳಗಿನ ಹುಡುಗರನ್ನೂ ಉಳಿಸಿದೆ.

ಕೊನೆಯದಾಗಿ, ಅಂದು ಸುಟ್ಟ ಎಂಜಿನ್ನಿನ ಬ್ಲಾಕನ್ನು ಒಂದು ಮಗ್ಗುಲಲ್ಲಿ ಕೊಯ್ಸಿ, ಒಳಗೆ ಕಾಣುವಂತೆ ಮಾಡಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಶಾಲೆಯ ವಿಜ್ಞಾನದ ಕೊಠಡಿಗೆ ಕೊಟ್ಟಿದ್ದೇನೆ. ಕೊಯ್ದು ಕೊಟ್ಟವರು ಅದೇ ಮೇಸ್ತ್ರಿಯ ಮಗ. ಹ್ಯಾಂಡಲ್ ತಿರುಗಿಸಿದರೆ ಪಿಸ್ಟನ್ ಏರಿ ಇಳಿಯುತ್ತದೆ. ಬೆರಳು ಮಾತ್ರ ಒಳಗೆ ಹಾಕಬೇಡಿ. ಜೊತೆಗೆ ಎರಡು ಹೊಸ ಬ್ಯುರೆಟ್ಟು ಇವೆ. ಪಕ್ಕದಲ್ಲಿ ಒಂದು ಗಾಜಿನ ಸೀಸೆಯಲ್ಲಿ ಆ ಸಿಲಿಕಾನ್ ತುಂಡುಗಳಿವೆ. ಅವು ಏನು ಎಂದು ಯಾರಾದರೂ ಕೇಳಿದರೆ, ಹಳೆಯ ವಿದ್ಯಾರ್ಥಿಯೊಬ್ಬ ನೋಡದೆ ಬಿಟ್ಟದ್ದು ಎಂದು ಹೇಳಿ.

ನನ್ನನ್ನು ಬಗ್ಗಿಸಿ ಓದಿಸಿದ ಮೇಷ್ಟ್ರು ಇವತ್ತು ನಮ್ಮೊಂದಿಗಿಲ್ಲ. ಅವರ ನೆನಪಿಗೆ ಕೈಮುಗಿಯುತ್ತೇನೆ.