ಕುರಿಗಾಹಿಯ ನಾಯಿ

ಇಂಗ್ಲೆಂಡಿನ ಚಿತ್ರಕಾರ ಎಡ್ವಿನ್ ಲ್ಯಾಂಡ್‌ಸಿಯರ್ 1837ರಲ್ಲಿ ಒಂದು ಚಿತ್ರ ಪ್ರದರ್ಶಿಸಿದರು. ಅಗಲ ಸುಮಾರು 2 ಅಡಿ, ಅಷ್ಟೇ. ಸ್ಕಾಟ್ಲೆಂಡಿನ ಬೆಟ್ಟನಾಡಿನ ಒಂದು ಬಡ ಮನೆ. ಒಳಗೆ ಮುದಿ ಕುರಿಗಾಹಿಯ ಶವಪೆಟ್ಟಿಗೆ. ಅದರ ಮೇಲೆ ಕಂಬಳಿ. ಆ ಕಂಬಳಿಗೆ ಗಲ್ಲವೂರಿ ಅವನ ನಾಯಿ ಒರಗಿದೆ. ಬೇರೆ ಯಾರೂ ಇಲ್ಲ.

ಸತ್ತವನ ಮುಖವನ್ನು ಚಿತ್ರಕಾರರು ತೋರಿಸುವುದಿಲ್ಲ. ಆದರೂ ಅವನು ನಮಗೆ ಪರಿಚಿತನಾಗುತ್ತಾನೆ. ಕೊನೆಯ ಸಲ ಓದಿ ಮುಚ್ಚಿದ ಬೈಬಲ್. ಅದರ ಜೊತೆಗೇ ಕನ್ನಡಕ. ನೆಲದ ಮೇಲೆ ಬಿದ್ದ ಕೋಲು, ಟೋಪಿ. ಬೆಟ್ಟ ಹತ್ತಿಳಿದು ಸವೆದ ಒಂದು ಬದುಕು ಇಷ್ಟರಲ್ಲೇ ಇದೆ. ಕಲಾವಿಮರ್ಶಕ ಜಾನ್ ರಸ್ಕಿನ್ ಈ ಚಿತ್ರವನ್ನು ಮನಸಾರೆ ಮೆಚ್ಚಿ ಬರೆದರು. ನಾಯಿಯ ಕೂದಲಿನ ಹೊಳಪನ್ನು ಕೂಡ ಅವರು ಗಮನಿಸಿದ್ದರು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇಂದಿಗೂ ಆ ಚಿತ್ರವಿದೆ.

ಕುರಿಗಾಹಿಗಾಗಿ ಎಲ್ಲರಿಗಿಂತ ಹೆಚ್ಚು ದುಃಖಿಸುವ ಜೀವ ಎಂಬರ್ಥದ ಹೆಸರನ್ನು ಲ್ಯಾಂಡ್‌ಸಿಯರ್ ಚಿತ್ರಕ್ಕೆ ಇಟ್ಟರು. ಸಾವಿನ ಮನೆಯಲ್ಲಿ ಆ ಜಾಗ ಮಕ್ಕಳದು, ಒಡಹುಟ್ಟಿದವರದು. ಅದನ್ನು ನಾಯಿಗೆ ಕೊಟ್ಟದ್ದು ನನಗೆ ಅತಿ ಎನಿಸುವುದಿಲ್ಲ. ಮಂದೆ ಕಾಯುವವರು ದಿನಗಟ್ಟಲೆ ಮನುಷ್ಯರ ಮುಖ ಕಾಣದೆ ಇರುತ್ತಾರೆ. ಮಳೆ, ಮಂಜು, ತಪ್ಪಿಹೋದ ಮರಿ, ಎಲ್ಲದಕ್ಕೂ ಜೊತೆ ನಾಯಿಯೇ. ಆ ಮುದುಕನ ಒಂದೊಂದು ಸಿಳ್ಳೆಯ ಅರ್ಥವೂ ಅದಕ್ಕೆ ಗೊತ್ತಿದ್ದಿರಬೇಕು. ನೆಂಟರಿಗೆ ಅಷ್ಟು ಗೊತ್ತಿರುತ್ತಿತ್ತೇ?