ದಾಲ್ಚಿನ್ನಿ ಮತ್ತು ಮಧುಮೇಹ



ದಾಲ್ಚಿನ್ನಿಯೇ ಮಧುಮೇಹಕ್ಕೆ ಮದ್ದೆಂದು ನಂಬಿ, ವೈದ್ಯರು ಕೊಟ್ಟ ಮಾತ್ರೆಗಳನ್ನು ಬದಿಗಿಟ್ಟವರನ್ನು ನಾವು ಬಲ್ಲೆವು. ಆದುದರಿಂದಲೇ ಈ ನಾಲ್ಕು ಮಾತು.

2003ರಲ್ಲಿ ಪಾಕಿಸ್ತಾನದಲ್ಲಿ 60 ಮಂದಿ ರೋಗಿಗಳ ಮೇಲೆ 40 ದಿನ ನಡೆದ ಪ್ರಯೋಗದಲ್ಲಿ, ದಾಲ್ಚಿನ್ನಿಯಿಂದ ರಕ್ತದ ಸಕ್ಕರೆ ಇಳಿಯಿತೆಂದು ವರದಿಯಾಯಿತು. ಆದರೆ 2012ರಲ್ಲಿ ಕಾಕ್ರೇನ್ ಸಂಸ್ಥೆಯ ವಿದ್ವಾಂಸರು 10 ಪ್ರಯೋಗಗಳನ್ನು ಒರೆಗೆ ಹಚ್ಚಿ, ಇದನ್ನು ಔಷಧವೆನ್ನಲು ಆಧಾರ ಸಾಲದೆಂದರು.

ಹಾಗೆಂದು ಅದು ನಿರುಪಯುಕ್ತವಲ್ಲ. ಅದರ ಕಂಪು ನಾಲಗೆಗೆ ಸಿಹಿಯ ಭಾವವನ್ನುಂಟುಮಾಡುವುದರಿಂದ, ಮನೆಯಲ್ಲಿ ರಾಗಿ ಬಿಸ್ಕತ್ತು ಮಾಡುವಾಗ ಚಿಟಿಕೆ ಪುಡಿ ಬೆರೆಸಿ ಸಕ್ಕರೆಯನ್ನು ತಗ್ಗಿಸಬಹುದು. ಆದರೆ ಬೆಲ್ಲವೂ ಸಕ್ಕರೆಯೇ, ರಾಗಿಯಲ್ಲಿಯೂ ಪಿಷ್ಟವುಂಟು. ಒಂದೆರಡು ತಿಂದು ಕೈ ತಡೆಯಬೇಕು.

ಪೇಟೆಯಲ್ಲಿ ಹೆಚ್ಚಾಗಿ ದೊರೆಯುವ ದಪ್ಪನೆಯ ಗಡುಸು ಚಕ್ಕೆ ಕ್ಯಾಸಿಯಾ ಎಂಬ ಜಾತಿಯದು. ಅದರಲ್ಲಿರುವ ಕೂಮರಿನ್ ಅತಿಯಾದರೆ ಯಕೃತ್ತಿಗೆ ಹಾನಿ. ಶ್ರೀಲಂಕೆಯ ನಿಜವಾದ ದಾಲ್ಚಿನ್ನಿ ಕಾಗದದಂತೆ ತೆಳು, ಪದರ ಪದರವಾಗಿ ಸುರುಳಿಗೊಂಡದ್ದು; ಅದರಲ್ಲಿ ಕೂಮರಿನ್ ಅತ್ಯಲ್ಪ.

ಮಕ್ಕಳೆ, ಇದನ್ನು ಮನೆಯ ಅಜ್ಜ ಅಜ್ಜಿಯರಿಗೆ ತಿಳಿಸಿರಿ. ದಾಲ್ಚಿನ್ನಿ ಅಡುಗೆಮನೆಯಲ್ಲಿರಲಿ, ಮಾತ್ರೆ ಮಾತ್ರ ತಪ್ಪದಿರಲಿ.