ಶಾಲೆಗೆ ಕಲಿಕಾ ನಿರ್ವಹಣಾ ವ್ಯವಸ್ಥೆ: ಠರಾವಿಗೆ ಮೊದಲು ಕೇಳಬೇಕಾದ ಮಾತುಗಳು

(ಕೃಷ್ಣರಾಜಪೇಟೆ ತಾಲ್ಲೂಕು ಸಿಂಧಘಟ್ಟದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಕುಡಿಯುವ ನೀರು, ಬೀದಿದೀಪ, ಚರಂಡಿ, ಇ-ಸ್ವತ್ತುಗಳ ನಡುವೆ ಈಚಿನ ವರ್ಷಗಳಲ್ಲಿ ಒಂದು ಹೊಸ ವಿಷಯವೂ ಸೇರತೊಡಗಿದೆ. ಅದು ಊರಿನ ಶಾಲೆಯ ಡಿಜಿಟಲ್ ಕಲಿಕೆ. ದಾನಿಯೊಬ್ಬರು ಟ್ಯಾಬ್‌ಗಳನ್ನು ಕೊಡಲು ಮುಂದೆ ಬರುತ್ತಾರೆ. ಅವುಗಳ ಬೆನ್ನಿಗೇ ಒಂದು ಸಂಸ್ಥೆಯ ಪ್ರತಿನಿಧಿ ಬಂದು, ‘ಕಲಿಕಾ ನಿರ್ವಹಣಾ ವ್ಯವಸ್ಥೆ’ ಎಂಬ ತಂತ್ರಾಂಶವನ್ನು ಪರದೆಯ ಮೇಲೆ ತೋರಿಸಿ, ಪ್ರತಿ ವಿದ್ಯಾರ್ಥಿಗೆ ವರ್ಷಕ್ಕೆ ಇಷ್ಟು ರೂಪಾಯಿ ಎಂದು ಹೇಳಿ ಹೋಗುತ್ತಾರೆ. ಮುಂದಿನ ಸಭೆಯಲ್ಲಿ ಸದಸ್ಯರು ಒಪ್ಪಿಗೆ ನೀಡಬೇಕು. ಎಂಟು ಇಂಚಿನ ಪೈಪಿಗೂ ಆರು ಇಂಚಿನ ಪೈಪಿಗೂ ಇರುವ ಅಂತರವನ್ನು ಕಣ್ಣಳತೆಯಲ್ಲೇ ಹೇಳಬಲ್ಲ ಸದಸ್ಯರು ಇಲ್ಲಿ ಮೌನವಾಗಿ ಕೈ ಎತ್ತುವುದುಂಟು. ಆ ಮೌನಕ್ಕೆ ಕಾರಣವಿಲ್ಲ. ಈ ವಿಷಯದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆಗಳಿಗೆ ಗಣಕದ ಜ್ಞಾನಕ್ಕಿಂತ ಊರಿನ ಜ್ಞಾನವೇ ಹೆಚ್ಚು ಬೇಕು.

ಕಲಿಕಾ ನಿರ್ವಹಣಾ ವ್ಯವಸ್ಥೆ, ರೂಢಿಯ ಮಾತಿನಲ್ಲಿ ಎಲ್‌ಎಂಎಸ್, ಎಂದರೆ ಹಾಜರಿ ಪುಸ್ತಕ, ಪಾಠದ ಟಿಪ್ಪಣಿ, ಮನೆಗೆಲಸದ ನೋಟ್‌ಬುಕ್ ಮತ್ತು ಅಂಕಪಟ್ಟಿಗಳನ್ನು ಒಂದೇ ಬೀರುವಿನಲ್ಲಿಟ್ಟಂತೆ. ಶಿಕ್ಷಕರು ಪಾಠವನ್ನೂ ಪ್ರಶ್ನೆಗಳನ್ನೂ ಅದರಲ್ಲಿ ಇಡುತ್ತಾರೆ. ವಿದ್ಯಾರ್ಥಿಗಳು ತಮ್ಮ ಹೆಸರಿನಲ್ಲಿ ಒಳಹೊಕ್ಕು ಓದಿ ಉತ್ತರಿಸುತ್ತಾರೆ. ಯಾರು ಎಷ್ಟು ಓದಿದರು, ಎಲ್ಲಿ ತಪ್ಪಿದರು ಎಂಬುದು ದಾಖಲಾಗುತ್ತದೆ. ಪಾಠಗಳ ಭಂಡಾರವೇ ಬೇರೆ, ಈ ನಿರ್ವಹಣೆಯೇ ಬೇರೆ. ಮಾರಾಟದ ಮಾತಿನಲ್ಲಿ ಇವೆರಡನ್ನೂ ಕಲಸಿಬಿಡುವುದರಿಂದ, ಸರ್ಕಾರ ಉಚಿತವಾಗಿ ಕೊಟ್ಟಿರುವುದನ್ನೇ ಹಣ ಕೊಟ್ಟು ಕೊಳ್ಳುವ ಸಂದರ್ಭ ಒದಗುತ್ತದೆ.

ಆದ್ದರಿಂದ ಈಗಾಗಲೇ ಏನಿದೆ ಎಂಬುದನ್ನು ಮೊದಲು ತಿಳಿಯಬೇಕು. 2017ರಲ್ಲಿ ಆರಂಭವಾದ ರಾಷ್ಟ್ರೀಯ ವೇದಿಕೆ ‘ದೀಕ್ಷಾ’ದಲ್ಲಿ ನಮ್ಮ ರಾಜ್ಯದ ಪಠ್ಯಗಳಿಗೆ ಹೊಂದುವ ಕನ್ನಡ ಪಾಠಸಾಮಗ್ರಿ ಇದೆ, ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕ್ಯೂಆರ್ ಸಂಕೇತಗಳು ಅಲ್ಲಿಗೇ ಒಯ್ಯುತ್ತವೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು, ಪಾಲಿಟೆಕ್ನಿಕ್‌ಗಳು ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗಾಗಿ 2021ರಲ್ಲಿ ರಾಜ್ಯವೇ ಒಂದು ಎಲ್‌ಎಂಎಸ್ ಅನ್ನು ಜಾರಿಗೆ ತಂದಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಇದೇ ತಾಲ್ಲೂಕಿನ ಬೂಕನಕೆರೆಯವರೆಂಬುದು ಇಲ್ಲಿನ ಸದಸ್ಯರಿಗೆ ಹೇಳಬೇಕಾದ ಸಂಗತಿಯೇನಲ್ಲ. ಹೀಗಾಗಿ ಸರ್ಕಾರಿ ಪದವಿ ಕಾಲೇಜಿನ ಮಟ್ಟಿಗೆ ಆಯ್ಕೆ ಆಗಿಹೋಗಿದೆ. ಅಲ್ಲಿಗೆ ಎರಡನೆಯ ವ್ಯವಸ್ಥೆಯನ್ನು ದಾನವಾಗಿ ಕೊಟ್ಟರೂ ಅದು ಉಪನ್ಯಾಸಕರಿಗೆ ಹೊರೆಯೇ. ಸರ್ಕಾರಿ ಶಾಲೆಗಳಲ್ಲಿಯೂ ಬೋಧನೆಯ ತೀರ್ಮಾನ ಶಿಕ್ಷಣ ಇಲಾಖೆಯದು. ಪಂಚಾಯಿತಿಗೆ ಉಳಿಯುವುದು ತನ್ನ ಅನುದಾನ, ದಾನಿಗಳ ನೆರವು, ಅರಿವು ಕೇಂದ್ರ ಮತ್ತು ಶಾಲಾಭಿವೃದ್ಧಿ ಸಮಿತಿಯೊಡನೆ ಇರುವ ಸಂಬಂಧ. ಕ್ಷೇತ್ರವೇನೋ ಚಿಕ್ಕದು. ತಪ್ಪಾದರೆ ಹೋಗುವ ಹಣ ಮಾತ್ರ ಗ್ರಾಮದ್ದು. ಹಿಂದೆ ಬೀಳುವ ಮಗುವೂ ಗ್ರಾಮದ್ದೇ.

ಮಗು ಹೇಗೆ ಹಿಂದೆ ಬೀಳುತ್ತದೆ ಎಂಬುದಕ್ಕೆ 2020ರ ವಿದ್ಯಾಗಮ ಕಾರ್ಯಕ್ರಮಕ್ಕಿಂತ ಸ್ಪಷ್ಟವಾದ ಪಾಠ ಬೇರೆಯಿಲ್ಲ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ಆ ಆಗಸ್ಟ್ ತಿಂಗಳಲ್ಲಿ ಇಲಾಖೆ ಮಕ್ಕಳನ್ನು ಮೂರು ಗುಂಪುಗಳಾಗಿ ಗುರುತಿಸಿತು: ಮನೆಯಲ್ಲಿ ಯಾವ ಸಾಧನವೂ ಇಲ್ಲದವರು, ಅಂತರ್ಜಾಲವಿಲ್ಲದ ಸಾಧಾರಣ ಮೊಬೈಲ್ ಇರುವವರು, ಅಂತರ್ಜಾಲ ಸಹಿತ ಸ್ಮಾರ್ಟ್‌ಫೋನ್ ಅಥವಾ ಗಣಕ ಇರುವವರು. ಶಿಕ್ಷಕರು ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು; ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ವಿದ್ಯಾಗಮ ತಾತ್ಕಾಲಿಕವಾಗಿ ನಿಂತಾಗ, ಮೂರನೆಯ ಗುಂಪಿನ ಕಲಿಕೆಗೆ ದಾರಿ ಉಳಿದಿತ್ತು. ಮೊದಲ ಗುಂಪಿಗೆ ಜಗಲಿಯೂ ಇಲ್ಲವಾಯಿತು.

ಆ ಮೂರು ಗುಂಪುಗಳ ಎಣಿಕೆಯನ್ನು ಇಂದಿಗೆ ಹೊಂದುವಂತೆ ಮತ್ತೊಮ್ಮೆ ಮಾಡುವುದೇ ಎಲ್‌ಎಂಎಸ್ ಆಯ್ಕೆಯ ಮೊದಲ ಕೆಲಸ. ‘ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೇ’ ಎಂದು ಕೇಳಿದರೆ ಸಾಲದು. ಈಗ ಬಹುತೇಕ ಉತ್ತರ ಇದೆ ಎಂದೇ ಬರುತ್ತದೆ. ಅದು ಯಾರ ಜೇಬಿನಲ್ಲಿರುತ್ತದೆ ಎಂದು ಕೇಳಬೇಕು. ಕಬ್ಬಿನ ಗದ್ದೆಗೋ ತೆಂಗಿನ ತೋಟಕ್ಕೋ ತಂದೆಯೊಡನೆ ಹೋದ ಫೋನು ಡೇರಿಗೆ ಹಾಲು ಹಾಕಿದ ಮೇಲೆ ಮನೆಗೆ ಬರುತ್ತದೆ. ಚಾರ್ಜ್ ಉಳಿದಿರುವುದು ಅಲ್ಪ. ಅಂದಿನ ಡೇಟಾ ಅಷ್ಟರಲ್ಲಿ ಮುಗಿದಿರಲೂಬಹುದು. ಎಂಟನೆಯ ತರಗತಿಯ ಅಣ್ಣ, ಐದನೆಯ ತರಗತಿಯ ತಂಗಿ ಇದ್ದರೆ ಫೋನು ಮೊದಲು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಈ ಸಭೆಯಲ್ಲಿರುವ ಮಹಿಳಾ ಸದಸ್ಯರು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ಬಲ್ಲರು. ಈ ಪ್ರಶ್ನೆಯನ್ನು ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳಿಗೇ ಕೇಳಿದರೆ ಉತ್ತರ ನೇರವಾಗಿ ಬರುತ್ತದೆ.

ಈ ಎಣಿಕೆ ಕೈಯಲ್ಲಿದ್ದರೆ ಪ್ರತಿನಿಧಿಯನ್ನು ಕೇಳಬೇಕಾದುದು ತಾನಾಗಿಯೇ ಹೊಳೆಯುತ್ತದೆ. ಸಂಪರ್ಕ ಕಡಿದಾಗ ಪಾಠ ತೆರೆಯುತ್ತದೆಯೇ? ಬರೆದ ಉತ್ತರ ಫೋನಿನಲ್ಲೇ ಉಳಿದು, ಸಂಪರ್ಕ ಬಂದಾಗ ತಾನಾಗಿ ಹೋಗುತ್ತದೆಯೇ? ಒಂದೇ ಫೋನಿನಲ್ಲಿ ಇಬ್ಬರು ಮಕ್ಕಳು ತಮ್ಮ ತಮ್ಮ ಹೆಸರಿನಲ್ಲಿ ಓದಬಹುದೇ? ಹಳೆಯ, ಅಗ್ಗದ ಫೋನಿನಲ್ಲಿ ಅದು ನಡೆಯುತ್ತದೆಯೇ? ಪ್ರಾತ್ಯಕ್ಷಿಕೆಯನ್ನು ಮಂಡ್ಯದ ವೈಫೈ ಇರುವ ಸಭಾಂಗಣದಲ್ಲಿ ನೋಡಿ ಒಪ್ಪಬಾರದು. ಸಂಜೆ ಏಳು ಗಂಟೆಗೆ, ಊರಿನ ಕೊನೆಯ ಬೀದಿಯ ಒಂದು ಮನೆಯ ಪಡಸಾಲೆಯಲ್ಲಿ, ಆ ಮನೆಯದೇ ಫೋನಿನಲ್ಲಿ ತೋರಿಸಲು ಹೇಳಬೇಕು. ಅಂತರ್ಜಾಲವೇ ಇಲ್ಲದೆ, ಶಾಲೆಯಲ್ಲೇ ಇರುವ ಒಂದು ಚಿಕ್ಕ ಗಣಕದಿಂದ ಸುತ್ತಲಿನ ಟ್ಯಾಬ್‌ಗಳಿಗೆ ಪಾಠ ಹಂಚುವ ‘ಕೊಲಿಬ್ರಿ’ಯಂಥ ಮುಕ್ತ ತಂತ್ರಾಂಶಗಳೂ ಇವೆ, ಅಂಥದನ್ನು ಹೋಲಿಸಿ ನೋಡಿದ್ದೀರಾ ಎಂದೂ ಕೇಳಬಹುದು.

ಫೋನಿಲ್ಲದ ಮಗುವಿಗೆ ಪಂಚಾಯಿತಿ ತಾನೇ ಕೊಡಬಹುದಾದ ಉತ್ತರವೊಂದಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಆಡಳಿತ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದಿತು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಅಭಿಯಾನ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಈಗ ಅವು ಅರಿವು ಕೇಂದ್ರಗಳು. ಗಣಕ ಇರುವ ಅರಿವು ಕೇಂದ್ರ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ತೆರೆದಿದ್ದರೆ, ಎಲ್‌ಎಂಎಸ್ ಎಂಬುದು ಮೂರನೆಯ ಗುಂಪಿನ ಸ್ವತ್ತಾಗಿ ಉಳಿಯುವುದಿಲ್ಲ. ಮೇಲ್ವಿಚಾರಕರ ಕೆಲಸದ ವೇಳೆಯನ್ನು ಅದಕ್ಕೆ ಹೊಂದಿಸದೆ ತಂತ್ರಾಂಶಕ್ಕೆ ಹಣ ತೆಗೆದಿಡುವುದು ನಾಲೆಯಿಲ್ಲದ ಕಡೆ ತೂಬು ಕಟ್ಟಿದಂತಾಗುತ್ತದೆ.

ತೂಬಿನ ಮಾತು ಬಂದುದರಿಂದ ನೀರುಗಂಟಿಯನ್ನೂ ನೆನೆಯಬೇಕು. ಕೆರೆ ಎಷ್ಟೇ ದೊಡ್ಡದಿರಲಿ, ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ಬಲ್ಲ ಒಬ್ಬ ನೀರುಗಂಟಿ ಇಲ್ಲದಿದ್ದರೆ ಕೊನೆಯ ಗದ್ದೆ ಒಣಗುತ್ತದೆ. ಎಲ್‌ಎಂಎಸ್‌ಗೂ ಅಂಥ ಒಬ್ಬರು ಬೇಕು: ಜೂನ್‌ನಲ್ಲಿ ಹೊಸ ಮಕ್ಕಳ ಹೆಸರು ಸೇರಿಸುವವರು, ಮರೆತ ಗುಪ್ತಪದವನ್ನು ಮತ್ತೆ ಕೊಡುವವರು, ವರ್ಗವಾಗಿ ಬಂದ ಶಿಕ್ಷಕರಿಗೆ ಹೇಳಿಕೊಡುವವರು. ಈ ಕೆಲಸ ಸಾಮಾನ್ಯವಾಗಿ ಬೀಳುವುದು ಶಾಲೆಯ ಅತ್ಯಂತ ಕಿರಿಯ ಶಿಕ್ಷಕರ ಮೇಲೆ. ಅವರಾದರೋ ಮಕ್ಕಳ ವಿವರಗಳನ್ನು ಈಗಾಗಲೇ ಎಸ್‌ಎಟಿಎಸ್‌ನಲ್ಲೂ ಯು-ಡೈಸ್‌ನಲ್ಲೂ ತುಂಬುತ್ತಿದ್ದಾರೆ. ಅದೇ ಹೆಸರುಗಳನ್ನು ಮೂರನೆಯ ಬಾರಿ ಬೆರಳಚ್ಚು ಮಾಡಿಸುವ ವ್ಯವಸ್ಥೆ ಎಷ್ಟೇ ಸುಂದರವಾಗಿದ್ದರೂ ದಸರಾ ರಜೆಯ ಹೊತ್ತಿಗೆ ನಿಂತುಹೋಗುತ್ತದೆ. ಇರುವ ಪಟ್ಟಿಯನ್ನು ಇಡಿಯಾಗಿ ಒಳಗೆ ತೆಗೆದುಕೊಳ್ಳುವ ಸೌಲಭ್ಯ ಇದೆಯೇ ಎಂಬುದನ್ನು ಆ ಕಿರಿಯ ಶಿಕ್ಷಕರಿಂದಲೇ ಕೇಳಿಸಬೇಕು. ಮುಖ್ಯ ಶಿಕ್ಷಕರ ಸಹಿಯಷ್ಟೇ ಸಾಲದು.

ನೆರೆಯ ಚಾಮರಾಜನಗರ ಜಿಲ್ಲೆ ಇದರ ಹಳೆಯ ಸಾಕ್ಷಿ. 2004ರಲ್ಲಿ ಶಿಕ್ಷಣಕ್ಕೆಂದೇ ಹಾರಿಬಿಟ್ಟ ಎಜುಸ್ಯಾಟ್ ಉಪಗ್ರಹದ ಪ್ರಾಯೋಗಿಕ ಯೋಜನೆಯಲ್ಲಿ ಆ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳು ಸೇರಿದ್ದವು. ಉಪಗ್ರಹದ ಸೇವೆ 2010ರಲ್ಲಿ ಮುಗಿಯಿತು. ಇಸ್ರೋದಂಥ ಸಂಸ್ಥೆಯ ಉಪಗ್ರಹಕ್ಕೂ ಒಂದು ಆಯುಷ್ಯ ಇರುವಾಗ, ಖಾಸಗಿ ತಂತ್ರಾಂಶದ ಆಯುಷ್ಯವನ್ನು ಕೊಳ್ಳುವ ದಿನವೇ ವಿಚಾರಿಸುವುದರಲ್ಲಿ ಅವಮರ್ಯಾದೆಯೇನೂ ಇಲ್ಲ.

ಕನ್ನಡದ ವಿಷಯದಲ್ಲಿ ಒಂದು ಸಣ್ಣ ಪರೀಕ್ಷೆ ಸಾಕು. ‘ಸಿಂಧಘಟ್ಟ’, ‘ಕೃಷ್ಣರಾಜಪೇಟೆ’, ‘ಸ್ವಾತಂತ್ರ್ಯ’, ‘ಪ್ರಾರ್ಥನೆ’ ಎಂಬ ನಾಲ್ಕು ಪದಗಳನ್ನು ಆ ವ್ಯವಸ್ಥೆಯೊಳಗೇ ಬೆರಳಚ್ಚು ಮಾಡಿ, ಹುಡುಕಿ, ಮುದ್ರಿಸಿ ನೋಡಬೇಕು. ಒತ್ತಕ್ಷರವೋ ಅರ್ಕಾವತ್ತೋ ಸ್ಥಾನ ತಪ್ಪಿದರೆ ಮಕ್ಕಳು ತಪ್ಪನ್ನೇ ಕಲಿಯುತ್ತಾರೆ. ಶಿಕ್ಷಕರ ಬಳಿ ವರ್ಷಗಳಿಂದ ಕೂಡಿಟ್ಟ ಪ್ರಶ್ನೆಪತ್ರಿಕೆಗಳು ಹಳೆಯ ನುಡಿ, ಬರಹ ಅಕ್ಷರಗಳಲ್ಲಿರುತ್ತವೆ. ಯೂನಿಕೋಡ್‌ಗೆ ಪರಿವರ್ತಿಸದೆ ಹಾಕಿದರೆ ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳಷ್ಟೇ ಕಾಣುತ್ತವೆ. ಪರಿವರ್ತನೆಯ ಕೆಲಸ ಯಾರದೆಂದು ಮೊದಲೇ ಬರೆದಿಡಬೇಕು.

ವೆಚ್ಚದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2002ರಿಂದ ಬಳಕೆಯಲ್ಲಿರುವ ‘ಮೂಡಲ್’ ಮುಕ್ತ ತಂತ್ರಾಂಶ. ಅದಕ್ಕೆ ಪರವಾನಗಿ ಶುಲ್ಕವಿಲ್ಲ. ಆದರೆ ಪುಕ್ಕಟೆ ಬಂದ ಕರುವಿಗೂ ಮೇವು ಬೇಕು: ಸರ್ವರ್ ಬಾಡಿಗೆ, ಪ್ರತಿಯನ್ನು ಕಾಪಿಡುವ ಏರ್ಪಾಡು, ನೋಡಿಕೊಳ್ಳುವವರ ಸಂಬಳ. ಮೊದಲ ವರ್ಷ ರಿಯಾಯಿತಿ ಕೊಡುವ ಸಂಸ್ಥೆಯಿಂದ ಮೂರನೆಯ ವರ್ಷದ ದರವನ್ನೂ ಬರವಣಿಗೆಯಲ್ಲಿ ಪಡೆಯಬೇಕು. ಪಂಚಾಯಿತಿಯ ಹಣವೆಂದ ಮೇಲೆ 1999ರ ಪಾರದರ್ಶಕತೆ ಅಧಿನಿಯಮದ ನಿಯಮಗಳು ಇದಕ್ಕೂ ಅನ್ವಯಿಸುತ್ತವೆ.

ಮಕ್ಕಳ ಮಾಹಿತಿಯ ಮಾತು ಹಾಗಲ್ಲ, ಅಲ್ಲಿ ನಿಲ್ಲಲೇಬೇಕು. 2008ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಎಡ್ಮೋಡೋ’ ಅನೇಕ ದೇಶಗಳ ಶಾಲೆಗಳು ನೆಚ್ಚಿಕೊಂಡಿದ್ದ ಉಚಿತ ವೇದಿಕೆ. 2022ರ ಸೆಪ್ಟೆಂಬರ್‌ನಲ್ಲಿ ಅದು ಮುಚ್ಚಿತು. ಮರುವರ್ಷ ಅಲ್ಲಿನ ಫೆಡರಲ್ ವ್ಯಾಪಾರ ಆಯೋಗ, ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿ ಸಂಗ್ರಹಿಸಿ ಜಾಹೀರಾತಿಗೆ ಬಳಸಿತೆಂದು ಆರೋಪಿಸಿ, 60 ಲಕ್ಷ ಡಾಲರ್ ದಂಡದ ಕ್ರಮ ಕೈಗೊಂಡಿತು. ಯಾವ ಮಗು ಲೆಕ್ಕದಲ್ಲಿ ಹಿಂದಿದೆ, ಎಷ್ಟು ದಿನ ಶಾಲೆಗೆ ಬಂದಿಲ್ಲ, ತಂದೆಯ ಮೊಬೈಲ್ ಸಂಖ್ಯೆ ಏನು ಎಂಬುದೆಲ್ಲ ಹೊರಗಿನವರ ಕೈಗೆ ಹೋದರೆ ಮರಳಿ ತರಲಾಗದು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕೆಂದೂ, ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ತೋರಿಸಬಾರದೆಂದೂ ಇದೆ. ಪೋಷಕರು ಓದಲಾರದ ಇಂಗ್ಲಿಷ್ ಪುಟದ ಕೆಳಗಿನ ಗುಂಡಿಯನ್ನು ಮಗುವೇ ಒತ್ತಿದರೆ ಅದು ಒಪ್ಪಿಗೆಯಾಗದು. ಒಪ್ಪಿಗೆಪತ್ರ ಕನ್ನಡದಲ್ಲಿರಬೇಕು, ಅದನ್ನು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಓದಿ ಹೇಳಬೇಕು. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕಾದ್ದರಿಂದ ಅದಕ್ಕಿಂತ ತಕ್ಕ ಸ್ಥಳವಿಲ್ಲ.

ಇಷ್ಟಾದ ಮೇಲೂ ಒಂದು ವ್ಯವಸ್ಥೆ ಯೋಗ್ಯವೆಂದು ಕಂಡರೆ ಇಡೀ ಶಾಲೆಗೆ ಒಮ್ಮೆಲೇ ಕೊಳ್ಳುವ ಅವಸರ ಬೇಡ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪಡೆದು, ಒಂದು ತರಗತಿಯಲ್ಲಿ ಒಂದು ಸೆಮಿಸ್ಟರ್ ನಡೆಸಿ ನೋಡಬಹುದು. ಠರಾವಿನಲ್ಲಿ ಈ ಅಂಶಗಳು ಅಕ್ಷರಶಃ ಇರಲಿ: ನಿರ್ವಹಣೆಯ ಹೊಣೆ ಹೊತ್ತ ವ್ಯಕ್ತಿಯ ಹುದ್ದೆ, ಸಾಧನವಿಲ್ಲದ ಮಕ್ಕಳಿಗೆ ಅರಿವು ಕೇಂದ್ರದಲ್ಲಿ ಗೊತ್ತುಪಡಿಸಿದ ವೇಳೆ, ಮೂರು ವರ್ಷಗಳ ಒಟ್ಟು ವೆಚ್ಚ, ಒಪ್ಪಂದ ಮುಗಿದ 30 ದಿನಗಳೊಳಗೆ ಮಕ್ಕಳ ಎಲ್ಲ ದಾಖಲೆಗಳನ್ನು ಸಾಮಾನ್ಯ ಗಣಕದಲ್ಲಿ ತೆರೆಯಬಲ್ಲ ರೂಪದಲ್ಲಿ ಶಾಲೆಗೆ ಒಪ್ಪಿಸಿ, ಸಂಸ್ಥೆಯು ತನ್ನಲ್ಲಿರುವ ಪ್ರತಿಯನ್ನು ಅಳಿಸಿ ಲಿಖಿತವಾಗಿ ದೃಢೀಕರಿಸತಕ್ಕದ್ದು ಎಂಬ ಷರತ್ತು. ಸೆಮಿಸ್ಟರ್‌ನ ಕೊನೆಯಲ್ಲಿ ಸಭೆಯ ಮುಂದೆ ಬರಬೇಕಾದ ವರದಿ ಒಂದೇ ಪುಟದ್ದಾದರೂ ಸಾಕು: ಮೂರು ಗುಂಪುಗಳಲ್ಲಿ ಯಾವ ಗುಂಪಿನ ಎಷ್ಟು ಮಕ್ಕಳು ಆ ವ್ಯವಸ್ಥೆಯನ್ನು ವಾರಕ್ಕೊಮ್ಮೆಯಾದರೂ ತೆರೆದರು ಎಂಬುದು ಅದರ ಮೊದಲ ಸಾಲಿನಲ್ಲಿರಲಿ.